ಯಾರೂ ಟ್ಯಾಗ್ ಮಾಡಲಿಲ್ಲ (ಚೆಂಡು ಮುಟ್ಟಿಸಲಿಲ್ಲ), ಆದರೂ ಔಟ್ ಯಾಕೆ?

ಅಮೆರಿಕದ ಹೈಸ್ಕೂಲ್ ಸಾಫ್ಟ್‌ಬಾಲ್‌ನಲ್ಲಿ ಅಂಪೈರಿಂಗ್ ಮಾಡುವ ನನ್ನನ್ನು ಆಟ ನೋಡಲು ಬಂದ ಕನ್ನಡದ ಅಪ್ಪ-ಅಮ್ಮಂದಿರು ಆಗಾಗ ಕೇಳುತ್ತಾರೆ: "ಬೇಸ್ ಮೇಲೆ ನಿಂತಿದ್ದ ಹುಡುಗೀನ ಸುಮ್ನೆ ಔಟ್ ಕೊಟ್ರಲ್ಲ, ಯಾಕೆ?"

ಅಲ್ಲಿನ ಹೈಸ್ಕೂಲ್ ಕ್ರೀಡೆಗಳ ನಿಯಮ ಬರೆಯುವ ರಾಷ್ಟ್ರೀಯ ಒಕ್ಕೂಟ ಎನ್‌ಎಫ್‌ಎಚ್‌ಎಸ್‌ನ ನಿಯಮದ ಪ್ರಕಾರ ಪಿಚರ್ (ಚೆಂಡು ಎಸೆಯುವವಳು) ಅಥವಾ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವಳು) ಬ್ಯಾಟ್ ಮಾಡಿ ಬೇಸ್ ತಲುಪಿದರೆ ಅವಳ ಬದಲು ಕರ್ಟಸಿ ರನ್ನರ್ ಓಡಬಹುದು. ಅದಕ್ಕಾಗಿ ಪಿಚರ್, ಕ್ಯಾಚರ್ ಆಟ ಬಿಡಬೇಕಿಲ್ಲ. ಕ್ಯಾಚರ್ ಅಷ್ಟರಲ್ಲಿ ಲೆಗ್ ಗಾರ್ಡ್ ಕಟ್ಟಿಕೊಳ್ಳುತ್ತಾಳೆ, ಟೈಮ್ ಉಳಿಯುತ್ತದೆ. ಆದರೆ ಹಾಗೆ ಓಡುವವಳು ಆ ಪಂದ್ಯದಲ್ಲಿ ಬೇರೆ ಯಾವ ಜಾಗದಲ್ಲೂ ಆಡಿರಬಾರದು. ಒಬ್ಬಳೇ ಪಿಚರ್‌ಗೂ ಕ್ಯಾಚರ್‌ಗೂ ಓಡುವಂತಿಲ್ಲ.

ಎಡವುವುದು ಇಲ್ಲೇ. 2ನೇ ಇನ್ನಿಂಗ್ಸ್‌ನಲ್ಲಿ 14ನೇ ನಂಬರಿನವಳು ಪಿಚರ್‌ಗಾಗಿ ಓಡಿದ್ದಾಳೆ ಅಂದುಕೊಳ್ಳಿ. 5ನೇ ಇನ್ನಿಂಗ್ಸ್‌ನಲ್ಲಿ ಕ್ಯಾಚರ್ ಸಿಂಗಲ್ ಹೊಡೆದು ಮೊದಲ ಬೇಸ್ ತಲುಪಿದಳು. ಗಡಿಬಿಡಿಯಲ್ಲಿ ಕೋಚ್ ಮತ್ತೆ 14ನ್ನೇ ಕಳಿಸಿದರು. ಅವರು ನನಗೆ ಹೇಳಿಯೇ ಕಳಿಸಿದ್ದರೆ ನಾನು ಲೈನಪ್ ಕಾರ್ಡ್ (ಆಟಗಾರ್ತಿಯರ ಪಟ್ಟಿ) ನೋಡಿ, "ಇವಳು ಆಗಲ್ಲ, ಬೇರೆಯವರನ್ನ ಕೊಡಿ" ಅನ್ನುತ್ತಿದ್ದೆ. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳದೆ ಕಳಿಸಿ, ಮುಂದಿನ ಪಿಚ್ (ಪಿಚರ್ ಎಸೆತ) ಆದ ಮೇಲೆ ಗೊತ್ತಾದರೆ ಅವಳು ಅಕ್ರಮ ಬದಲಿ ಆಟಗಾರ್ತಿಯ ಲೆಕ್ಕ. ಬೇಸ್ ಮೇಲಿದ್ದರೆ ಔಟ್, ಉಳಿದ ಆಟ ಪೂರ್ತಿ ಡಗೌಟ್‌ನಲ್ಲೇ (ತಂಡ ಕೂರುವ ಜಾಗ). ಹುಡುಗಿಯ ತಪ್ಪೇನೂ ಇಲ್ಲ, ಪಾಪ. ಕೋಚ್ ಕಳಿಸಿದರು, ಹೋದಳು.

ಹೇಳದೆ ಬಂದವರೆಲ್ಲ ಅಕ್ರಮ ಅಲ್ಲ, ಇದನ್ನು ಬೇರೆ ಇಟ್ಟುಕೊಳ್ಳಿ. ಆಡಲು ಅರ್ಹತೆ ಇದ್ದು, ಅಂಪೈರ್‌ಗೆ ತಿಳಿಸುವುದು ಮಾತ್ರ ಮರೆತಿದ್ದರೆ ಯಾರೂ ಔಟ್ ಆಗುವುದಿಲ್ಲ. ಮೊದಲ ಸಲ ತಂಡಕ್ಕೆ ಎಚ್ಚರಿಕೆ. ಮತ್ತೆ ಆದರೆ ಹೆಡ್ ಕೋಚ್ ಡಗೌಟ್ ಬಿಟ್ಟು ಹೊರಗೆ ಬರುವಂತಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎದುರಾಳಿ ಕೋಚ್‌ಗಳು "ಔಟ್ ಕೊಡಿ" ಅಂತ ಓಡಿ ಬರುವುದು ಜಾಸ್ತಿ.

ಬ್ಯಾಟಿಂಗ್ ಕ್ರಮ ತಪ್ಪಿದ್ದು ಕಂಡರೂ ಅಂಪೈರ್ ಬಾಯಿ ಬಿಡುವಂತಿಲ್ಲ. ಫೀಲ್ಡಿಂಗ್ ತಂಡವೇ ಅಪೀಲ್ ಮಾಡಬೇಕು. ಅಕ್ರಮ ಬದಲಿ ವಿಷಯದಲ್ಲಿ ಹಾಗಲ್ಲ. ಕಾರ್ಡ್ ನೋಡುವಾಗ ನನಗೇ ಕಂಡರೆ ನಾನೇ ಶಿಕ್ಷೆ ಕೊಡಬೇಕು. "ಯಾರೂ ಕೇಳಿಲ್ಲವಲ್ಲ" ಅನ್ನುವ ಕೋಚ್‌ಗಳ ವಾದ ಇಲ್ಲಿ ನಡೆಯುವುದಿಲ್ಲ.

ಸಾಫ್ಟ್‌ಬಾಲ್‌ನ ಅಂತಾರಾಷ್ಟ್ರೀಯ ಒಕ್ಕೂಟ ಡಬ್ಲ್ಯುಬಿಎಸ್‌ಸಿಯ ಪಂದ್ಯಗಳಲ್ಲಿ ಪದ್ಧತಿಯೇ ಬೇರೆ. ಎರಡು ಔಟ್ ಆದ ಮೇಲೆ ಕ್ಯಾಚರ್‌ಗೆ ತಾತ್ಕಾಲಿಕ ರನ್ನರ್ ಸಿಗುತ್ತಾಳೆ. ಅವಳು ಬೆಂಚ್‌ನಿಂದ ಬರುವವಳಲ್ಲ. ಬ್ಯಾಟಿಂಗ್ ಕ್ರಮದಲ್ಲೇ ಇದ್ದು, ಬೇಸ್ ಮೇಲೆ ಇಲ್ಲದವರ ಪೈಕಿ ಎಲ್ಲರಿಗಿಂತ ಕೊನೆಗೆ ಸರದಿ ಬರುವವಳು. ಟಿವಿಯಲ್ಲಿ ಅದನ್ನು ನೋಡಿ ಬಂದು ಶಾಲೆ ಪಂದ್ಯದಲ್ಲಿ ವಾದ ಮಾಡಬೇಡಿ.