ಆಕಾರ ಬದಲಿಸುವ ರೋಬೋಟ್: ನೋಡಬೇಕಾದ್ದು ಕೊಂಡಿ

ಮಂಗಳದಲ್ಲಿದ್ದ ಸ್ಪಿರಿಟ್ ರೋವರಿನ ಒಂದು ಮುಂಚಕ್ರ 2006ರಲ್ಲಿ ಕೆಟ್ಟಿತು. ಉಳಿದ ಐದು ಸರಿಯಿದ್ದವು. ಆದರೆ ಕೆಟ್ಟದ್ದನ್ನು ಕಳಚಿ ಬಿಸಾಡಲು ದಾರಿಯಿರಲಿಲ್ಲ, ಎಳೆದುಕೊಂಡೇ ಓಡಾಡಿತು. 2009ರಲ್ಲಿ ಮೆತ್ತನೆ ಮಣ್ಣಲ್ಲಿ ಹೂತಿತು, ಮತ್ತೆ ಹೊರಬರಲಿಲ್ಲ.

ಮಾಡ್ಯುಲರ್ ರೋಬೋಟ್ ಹುಟ್ಟಿದ್ದು ಇಂಥ ಪೇಚಾಟ ತಪ್ಪಿಸಲಿಕ್ಕೆ. ಮೋಟಾರು, ಬ್ಯಾಟರಿ, ಪುಟ್ಟ ಕಂಪ್ಯೂಟರ್ ಇರುವ ಒಂದೇ ಥರದ ಬಿಡಿ ಘಟಕಗಳು. ಸಾಲಾಗಿ ಕೂಡಿದರೆ ಹಾವು, ಬೇರೆ ಥರ ಕೂಡಿದರೆ ನಾಲ್ಕು ಕಾಲಿನ ಯಂತ್ರ. ಒಂದು ಕೆಟ್ಟರೆ ಅದನ್ನು ಬಿಟ್ಟು ಮುಂದೆ ಹೋಗಬಹುದು. ಜಪಾನಿನ ತೊಷಿಯೊ ಫುಕುಡಾ 1980ರ ದಶಕದ ಕೊನೆಯಲ್ಲೇ ಸೆಬಾಟ್ ಹೆಸರಲ್ಲಿ ಇದನ್ನು ಶುರು ಮಾಡಿದ್ದರು.

ನಮ್ಮ ಕಾಸರಗೋಡಿನ ಬದಿಯಡ್ಕ, ಪೈವಳಿಕೆ ಕಡೆ ಗುಡ್ಡ ಕೊರೆದು ತೋಡಿದ ನೀರಿನ ಸುರಂಗ ನೋಡಿದ್ದೀರಿ ಅಲ್ವಾ? ಅದರ ಬಾಯಿಯವರೆಗೆ ಹತ್ತಲು ರೋಬೋಟಿಗೆ ಕಾಲು ಬೇಕು. ಒಳಗೆ ಇಕ್ಕಟ್ಟು, ಹಾವಿನ ಆಕಾರವೇ ಒಳ್ಳೆಯದು. ಚಂದ್ರನ ಲಾವಾ ಗುಹೆಗಳಿಗೆ ಹೋಗುವ ಯಂತ್ರಕ್ಕೂ ಇದೇ ಸಮಸ್ಯೆ.

ಇಂಥ ರೋಬೋಟಿನ ವಿಡಿಯೊದಲ್ಲಿ ಆಕಾರ ಬದಲಾಗುವುದೇ ಕಣ್ಣಿಗೆ ಬೀಳುತ್ತದೆ. ಆದರೆ ಇಡೀ ವಿಷಯ ನಿಂತಿರುವುದು ಘಟಕಗಳನ್ನು ಕೂಡಿಸುವ ಕೊಂಡಿಯ ಮೇಲೆ. ಅದು ಗಟ್ಟಿಯಾಗಿ ಹಿಡಿಯಬೇಕು, ವಿದ್ಯುತ್ ದಾಟಿಸಬೇಕು, ಮಾಹಿತಿಯನ್ನೂ ದಾಟಿಸಬೇಕು. ಎರಡೂ ಬದಿ ಒಂದೇ ಥರ ಇದ್ದರೆ ಯಾವುದು ಯಾವುದಕ್ಕೂ ಸೇರುತ್ತದೆ. ಇಸ್ರೋದ ಸ್ಪೇಡೆಕ್ಸ್ ಎಂಬ ಜೋಡಣೆ ಪ್ರಯೋಗದಲ್ಲಿ 2025ರ ಜನವರಿ 16ರಂದು ಜೋಡಿಸಿಕೊಂಡ ಎರಡು ಉಪಗ್ರಹಗಳ ಕೊಂಡಿಯೂ ಹಾಗೇ ಇತ್ತು. ಮ್ಯಾಗ್ನೆಟ್ ಸುಲಭವಾಗಿ ಹಿಡಿಯುತ್ತದೆ, ಆದರೆ ಭಾರ ಜಾಸ್ತಿಯಾದರೆ ಬಿಡುತ್ತದೆ. ಕೊಕ್ಕೆ ಬಿಗಿ, ಆದರೆ ನೇರಕ್ಕೆ ಬಂದು ಕೂರಬೇಕು. ಚಂದ್ರನ ದೂಳಂತೂ ಗಾಜಿನ ಪುಡಿಯಂತೆ ಚೂಪು, ಸಂದಿಗೆ ಸೇರಿದರೆ ಮುಗಿಯಿತು.

ಇನ್ನೊಂದು ಲೆಕ್ಕವನ್ನೂ ನೋಡಿ. ಘಟಕಗಳನ್ನು ಉದ್ದಕ್ಕೆ ಜೋಡಿಸಿ ಅಡ್ಡಲಾಗಿ ಚಾಚಿದ ತೋಳನ್ನು ಬುಡದ ಮೋಟಾರು ಎತ್ತಬೇಕು. ಘಟಕಗಳು ಎರಡು ಪಟ್ಟಾದರೆ ಭಾರವೂ ಎರಡು ಪಟ್ಟು, ಭಾರದ ಕೇಂದ್ರದ ದೂರವೂ ಎರಡು ಪಟ್ಟು. ಅಂದರೆ ಟಾರ್ಕ್ (ಮೋಟಾರಿನ ತಿರುಗಿಸುವ ಬಲ) ನಾಲ್ಕು ಪಟ್ಟು ಬೇಕು. ಚಂದ್ರನಲ್ಲಿ ಗುರುತ್ವ ಆರನೇ ಒಂದು ಭಾಗ. ಅದಕ್ಕೆ ಅದೇ ಮೋಟಾರು ಆರು ಪಟ್ಟು ಉದ್ದದ ತೋಳು ಎತ್ತುತ್ತದೆ ಅಂದುಕೊಳ್ಳಬೇಡಿ. ಆರರ ವರ್ಗಮೂಲ, ಸುಮಾರು ಎರಡೂವರೆ ಪಟ್ಟು ಮಾತ್ರ.

ಹಾಗಾಗಿ ಮೊದಲು ಬಳಕೆಗೆ ಬರುವುದು ಮೈ ಕೂಡಿಸದೆ ಬರೀ ಕೆಲಸ ಹಂಚಿಕೊಳ್ಳುವ ತಂಡ ಅಂತ ನನ್ನ ಅಂದಾಜು. ನಾಸಾದ ಜೆಪಿಎಲ್ ಪ್ರಯೋಗಾಲಯ ಚಂದ್ರನಿಗಾಗಿ ಕಟ್ಟಿದ ಕಾಡ್ರೆ ಇಂಥದ್ದು: ಸೂಟ್‌ಕೇಸ್ ಗಾತ್ರದ ಮೂರು ರೋವರುಗಳು. ಭೂಮಿಯಿಂದ ಹೋಗುವುದು ಒಟ್ಟು ಕೆಲಸದ ಆದೇಶ ಮಾತ್ರ. ಬಿಸಿಲಿಗೆ ಬಿಸಿಯೇರುವುದರಿಂದ ಅರ್ಧ ಗಂಟೆಗೊಮ್ಮೆ ನಿಂತು ತಣ್ಣಗಾಗುತ್ತವೆ. ಮತ್ತೆ ಎದ್ದಾಗ ತಮ್ಮ ಸ್ಥಿತಿಯನ್ನು ಒಂದಕ್ಕೊಂದು ಹೇಳಿಕೊಂಡು, ಆ ಹೊತ್ತಿಗೆ ಯಾವುದು ಚೆನ್ನಾಗಿದೆಯೋ ಅದನ್ನೇ ನಾಯಕನಾಗಿ ಆರಿಸುತ್ತವೆ.