ಪದ ಪರಿಚಯ: ‘ಅಸಾಧಾರಣ ಸನ್ನಿವೇಶ’

ಯುರೋಪಿನಲ್ಲಿ ಫ್ಲೈಟ್ ಲೇಟಾಯಿತೆಂದು ಪರಿಹಾರ ಕೇಳಿ ಬರೆದವರಿಗೆ ಈ ಮಾತು ಚಿರಪರಿಚಿತ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಆದರೆ ವಿಳಂಬಕ್ಕೆ ಅಸಾಧಾರಣ ಸನ್ನಿವೇಶ ಕಾರಣ, ಹಾಗಾಗಿ ಪರಿಹಾರ ಕೊಡಬೇಕಿಲ್ಲ’ ಎಂದು ಎರಡು ಸಾಲಿನ ಮೇಲ್ ಬರುತ್ತದೆ. ಓದಿದವರು ‘ಇರಬಹುದು, ಪಾಪ’ ಎಂದು ಸುಮ್ಮನಾಗುತ್ತಾರೆ. ಸುಮ್ಮನಾಗಲಿ ಎಂದೇ ಹಾಗೆ ಬರೆಯುತ್ತಾರೆ ಎಂಬುದು ನನ್ನ ಗುಮಾನಿ.

ಮೊದಲು ಹಣದ ಲೆಕ್ಕ ಮುಗಿಸೋಣ. ಐರೋಪ್ಯ ಒಕ್ಕೂಟದ 261/2004 ಎಂಬ ನಿಯಮ ಜಾರಿಗೆ ಬಂದದ್ದು 2005ರಲ್ಲಿ. ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ವಿಮಾನಕ್ಕೆ, ಕಂಪನಿ ಯಾವುದೇ ಇರಲಿ, ಅದು ಅನ್ವಯಿಸುತ್ತದೆ. ಪ್ರಯಾಣಿಕರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಯಾರೂ ಕೇಳುವುದಿಲ್ಲ. ಮ್ಯೂನಿಕ್‌ನಲ್ಲಿ ಕೆಲಸಕ್ಕಿರುವ ಹಾಸನದವರಿಗೂ ಅಷ್ಟೇ ಹಕ್ಕು. 1500 ಕಿ.ಮೀ. ಒಳಗಿನ ಪ್ರಯಾಣಕ್ಕೆ 250 ಯುರೋ, ಅದರಾಚೆ 3500 ಕಿ.ಮೀ.ವರೆಗೆ 400, ಒಕ್ಕೂಟದ ಹೊರಗೆ ಇನ್ನೂ ದೂರವಾದರೆ 600. ಟಿಕೆಟ್ಟಿಗೆ ಕೊಟ್ಟದ್ದು 30 ಯುರೋ ಆಗಿದ್ದರೂ ಸಿಗುವುದು 250 ಯುರೋವೇ. ನಿಯಮದಲ್ಲಿ ಈ ಮೊತ್ತ ಬರೆದಿದ್ದದ್ದು ಫ್ಲೈಟ್ ರದ್ದಾದವರಿಗೆ ಮತ್ತು ಟಿಕೆಟ್ ಇದ್ದೂ ಹತ್ತಿಸಿಕೊಳ್ಳದೆ ಬಿಟ್ಟವರಿಗೆ ಮಾತ್ರ. ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದವರಿಗೂ ಕೊಡಬೇಕೆಂದು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ 2009ರಲ್ಲಿ ಹೇಳಿತು.

‘ತಲುಪುವುದು’ ಎಂದರೇನು ಎಂಬುದಕ್ಕೂ ಒಂದು ಕೇಸು ನಡೆದಿದೆ. ಸಾಲ್ಜ್‌ಬರ್ಗ್‌ನಿಂದ ಹೊರಟ ವಿಮಾನವೊಂದರ ಚಕ್ರ ಕಲೋನ್‌ನಲ್ಲಿ ನೆಲ ಮುಟ್ಟಿದಾಗ ಆಗಿದ್ದ ತಡ 2 ಗಂಟೆ 58 ನಿಮಿಷ. ಅದು ಹೋಗಿ ನಿಂತಾಗ 3 ಗಂಟೆ 3 ನಿಮಿಷ. ಬಾಗಿಲು ತೆರೆದ ಹೊತ್ತೇ ಲೆಕ್ಕಕ್ಕೆ ಎಂದು 2014ರಲ್ಲಿ ತೀರ್ಪಾಯಿತು. ಐದು ನಿಮಿಷಕ್ಕೆ 250 ಯುರೋ!

ಇನ್ನು ಪದಕ್ಕೆ ಬರೋಣ. ಅಸಾಧಾರಣ ಅಂದರೆ ಅಪರೂಪದ್ದು ಎಂದು ನಾವು ತಿಳಿಯುತ್ತೇವೆ. ಕಾನೂನಿನಲ್ಲಿ ಅಪರೂಪಕ್ಕೂ ಇದಕ್ಕೂ ಸಂಬಂಧ ಕಡಿಮೆ. ಅಲ್ಲಿ ಕೇಳುವುದು, ತೊಂದರೆ ಯಾರ ಮನೆಯದು ಎಂದು. ಹೋಟೆಲಿನ ಗ್ರೈಂಡರ್ ಕೆಟ್ಟರೆ ಅದು ಮಾಲೀಕನ ತಲೆನೋವು, ಹತ್ತು ವರ್ಷಕ್ಕೊಮ್ಮೆ ಕೆಟ್ಟರೂ ಅಷ್ಟೇ. ಹೋಟೆಲಿನ ಮುಂದಿನ ರಸ್ತೆ ಮಳೆಗೆ ಕೊಚ್ಚಿ ಹೋದರೆ ಅದು ಹೊರಗಿನದು. 2008ರ ತೀರ್ಪೊಂದು ಇದನ್ನೇ ಎರಡು ಷರತ್ತಾಗಿ ಇಟ್ಟಿತು: ಘಟನೆ ಏರ್‌ಲೈನಿನ ದೈನಂದಿನ ವ್ಯವಹಾರದ ಭಾಗವಾಗಿರಬಾರದು, ಅದರ ಹತೋಟಿಯಲ್ಲೂ ಇರಬಾರದು. ಹಾಗಾಗಿ ‘ತಾಂತ್ರಿಕ ದೋಷ’ ಎಂಬ ಉತ್ತರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸ್ವಂತ ಸಿಬ್ಬಂದಿ ಸಂಬಳಕ್ಕಾಗಿ ಮುಷ್ಕರ ಹೂಡಿದರೂ ಅದು ಮನೆಯೊಳಗಿನ ಜಗಳ.

ಈ ತರ್ಕ ಎಷ್ಟು ಕಠೋರವೆಂದರೆ, 2019ರ ಜುಲೈನಲ್ಲಿ ಸ್ಟುಟ್‌ಗಾರ್ಟ್‌ನಿಂದ ಲಿಸ್ಬನ್‌ಗೆ ಬೆಳಿಗ್ಗೆ ಹೊರಡಬೇಕಿದ್ದ ವಿಮಾನದ ಸಹ ಪೈಲಟ್ ಹೋಟೆಲಿನ ಹಾಸಿಗೆಯಲ್ಲೇ ತೀರಿಕೊಂಡಿದ್ದರು. ಫ್ಲೈಟ್ ರದ್ದಾಯಿತು. ಅದೂ ಅಸಾಧಾರಣ ಸನ್ನಿವೇಶ ಅಲ್ಲ ಎಂದು 2023ರಲ್ಲಿ ನ್ಯಾಯಾಲಯ ಹೇಳಿತು: ನೌಕರರ ಗೈರುಹಾಜರಿ ಯಾವ ಕಾರಣಕ್ಕೇ ಆಗಲಿ, ಅದನ್ನು ನಿಭಾಯಿಸುವುದು ಕಂಪನಿಯ ಕೆಲಸ. ಓದಿದಾಗ ಮನಸ್ಸಿಗೆ ಒಗ್ಗಲಿಲ್ಲ. ಆದರೆ ಸಾವಿಗೆ ಒಂದು, ಜ್ವರಕ್ಕೆ ಒಂದು ಎಂದು ಗೆರೆ ಎಳೆಯಲು ಹೊರಟರೆ ಕೊನೆಯೇ ಇರುವುದಿಲ್ಲ ಎಂಬುದೂ ನಿಜ.

ಸೀಸನ್ನಿನಲ್ಲಿ ಮಾತ್ರ ತುಂಬಿ ತುಳುಕುವ ಸಣ್ಣ ನಿಲ್ದಾಣಗಳಲ್ಲಿ ಈ ಪದ ಹೆಚ್ಚು ಓಡಾಡುತ್ತದೆ. ಕಪ್ಪು ಸಮುದ್ರದ ದಂಡೆಯ ಬುರ್ಗಾಸ್ ಅಂಥದ್ದು. ಬಲ್ಗೇರಿಯಾದ ಬೀಚುಗಳಿಗೆ ಬೇಸಿಗೆಯಲ್ಲಿ ಜನ ಇಳಿಯುವುದು ಅಲ್ಲಿ. 2013ರ ಆಗಸ್ಟ್ 10ರಂದು ಒಂದೇ ವಿಮಾನ ಪ್ರಾಗ್‌ನಿಂದ ಬುರ್ಗಾಸ್, ಅಲ್ಲಿಂದ ಬ್ರನೊ, ಮತ್ತೆ ಬುರ್ಗಾಸ್, ಕೊನೆಗೆ ಆಸ್ಟ್ರಾವಾ ಎಂದು ಸುತ್ತು ಹಾಕಬೇಕಿತ್ತು. ನಮ್ಮ ಹಳ್ಳಿ ರೂಟಿನ ಬಸ್ಸಿನ ಹಾಗೆ, ಒಂದು ಟ್ರಿಪ್ ತಡವಾದರೆ ಮುಂದಿನದೆಲ್ಲ ತಡ. ಮೊದಲ ಸುತ್ತಿನಲ್ಲೇ ಒಂದು ವಾಲ್ವ್ ಕೆಟ್ಟು ರಿಪೇರಿಗೆ 1 ಗಂಟೆ 45 ನಿಮಿಷ ಹಿಡಿಯಿತು. ಬ್ರನೊದಲ್ಲಿ ಇಳಿಯುವಾಗ ಹಕ್ಕಿ ಬಡಿಯಿತು. ಅಧಿಕೃತ ಪರೀಕ್ಷಕರು ನೋಡಿ ಮುಗಿಸಿದರೂ ವಿಮಾನದ ಮಾಲೀಕರು ಒಪ್ಪಲಿಲ್ಲ. ಬೇರೆ ಊರಿನಿಂದ ತಂತ್ರಜ್ಞರನ್ನು ಕರೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸಲಾಯಿತು. ಬುರ್ಗಾಸ್‌ನಲ್ಲಿ ಕಾದಿದ್ದವರು ಆಸ್ಟ್ರಾವಾ ಸೇರಿದ್ದು 5 ಗಂಟೆ 20 ನಿಮಿಷ ತಡವಾಗಿ.

2017ರ ತೀರ್ಪು ಆ ಹೊತ್ತನ್ನು ತುಂಡು ತುಂಡಾಗಿ ಹಂಚಿತು. ಹಕ್ಕಿ ಹೊರಗಿನದು, ಅಸಾಧಾರಣ. ವಾಲ್ವ್ ಕಂಪನಿಯದು. ಮೊದಲ ಪರೀಕ್ಷೆಯ ಸಮಯಕ್ಕೆ ಮಾಫಿ ಉಂಟು, ಎರಡನೆಯದಕ್ಕೆ ಇಲ್ಲ. ಹಕ್ಕಿಯ ಪಾಲನ್ನು ಕಳೆದು ಉಳಿದ ತಡ ಮೂರು ಗಂಟೆ ಮುಟ್ಟಿದರೆ ಹಣ ಕೊಡಬೇಕು. ‘ಹಕ್ಕಿ ಬಡಿಯಿತು’ ಎಂದ ಮಾತ್ರಕ್ಕೆ ಕಂಪನಿ ಪಾರಾಗುವುದಿಲ್ಲ ಎಂದಾಯಿತು. ಅಸಾಧಾರಣವೆಂದು ತೋರಿಸಿದರೂ ಸಾಲದು. ತನ್ನ ಕೈಲಾದ ಕ್ರಮಗಳನ್ನೆಲ್ಲ ತೆಗೆದುಕೊಂಡಿದ್ದೆ ಎಂದೂ ಸಾಬೀತು ಮಾಡಬೇಕು. ಆ ಹೊಣೆ ಕಂಪನಿಯದೇ, ಪ್ರಯಾಣಿಕರದಲ್ಲ.

ಎಲ್ಲ ತೀರ್ಪೂ ಪ್ರಯಾಣಿಕರ ಪರವೇನೂ ಅಲ್ಲ. ಲಗೇಜು ಹಾಕಲು ನಿಲ್ದಾಣದಲ್ಲಿ ಸಾಕಷ್ಟು ಜನರಿಲ್ಲದೆ ಕಲೋನ್‌ನಿಂದ ಗ್ರೀಸಿನ ಕೋಸ್ ದ್ವೀಪಕ್ಕೆ ಹೋಗುವ ಫ್ಲೈಟ್ ತಡವಾದಾಗ, ಅದು ಅಸಾಧಾರಣ ಆಗಬಹುದು ಎಂದು 2024ರಲ್ಲಿ ತೀರ್ಪು ಬಂತು. ದಟ್ಟ ಮಂಜು, ಬಿರುಗಾಳಿಯೂ ಹಾಗೆಯೇ. ಆಗಲೂ ಊಟ, ರಾತ್ರಿ ಉಳಿಯಬೇಕಾದರೆ ರೂಮು ಕೊಡಲೇಬೇಕು. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಆಕಾಶವನ್ನೇ ಮುಚ್ಚಿಸಿದಾಗಿನ ಕೇಸಿನಲ್ಲೂ ನ್ಯಾಯಾಲಯ ಇದನ್ನೇ ಎತ್ತಿ ಹಿಡಿಯಿತು.

ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಲ್ಲೂ ಈ ಪದವಿದೆ, ಆದರೆ ಅರ್ಥ ಉದಾರ, ಅದೂ ಏರ್‌ಲೈನಿನ ಕಡೆಗೆ. ಮುಷ್ಕರವೂ ಅಲ್ಲಿನ ಪಟ್ಟಿಯಲ್ಲೇ ಸೇರಿದೆ. ಬರೀ ತಡಕ್ಕೆ ನಗದು ಪರಿಹಾರವೂ ಇಲ್ಲ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಟವರಿಗೆ ಯಾವ ಕಂಪನಿಯಾದರೂ ಐರೋಪ್ಯ ನಿಯಮ ಸಿಗುತ್ತದೆ. ಬೆಂಗಳೂರಿನಿಂದ ಅತ್ತ ಹೊರಟವರಿಗೆ ಐರೋಪ್ಯ ಕಂಪನಿಯಾದರೆ ಮಾತ್ರ.

ಮೇಲ್ ಬಂದರೆ ತಿರುಗಿ ಕೇಳಬೇಕಾದದ್ದು ಇಷ್ಟು: ಏನಾಯಿತು, ಎಲ್ಲಾಯಿತು, ಯಾವ ಸುತ್ತಿನಲ್ಲಿ, ಅದರಿಂದ ಎಷ್ಟು ನಿಮಿಷ ಹೋಯಿತು. ವಿಮಾನದ ಬಾಲದ ಹತ್ತಿರ ಬರೆದಿರುವ ನೋಂದಣಿ ಸಂಖ್ಯೆಯ ಫೋಟೊ ಇಟ್ಟುಕೊಂಡರೆ ಆ ದಿನ ಅದು ಎಲ್ಲೆಲ್ಲಿ ಸುತ್ತಿತ್ತು ಎಂದು ಫ್ಲೈಟ್ ಟ್ರ್ಯಾಕಿಂಗ್ ಆ್ಯಪ್‌ಗಳಲ್ಲಿ ನೀವೇ ನೋಡಬಹುದು. ಕೇಸು ಹಾಕುವ ಗಡುವು ಆಯಾ ದೇಶದ ಕಾನೂನಿನಂತೆ: ಜರ್ಮನಿಯಲ್ಲಿ ಆ ವರ್ಷ ಮುಗಿದ ಮೇಲೆ 3 ವರ್ಷ, ಫ್ರಾನ್ಸಿನಲ್ಲಿ 5 ವರ್ಷ.