ಮುರಕಲ್ಲು ಯಾವ ಜಾತಿಯ ಶಿಲೆ?

ಪ್ರಶ್ನೆ: ಪದವಿಯ ಮೊದಲ ವರ್ಷದಲ್ಲಿ ಭೂವಿಜ್ಞಾನ ಓದುತ್ತಿದ್ದೇನೆ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂದು ಶಿಲೆಗಳಲ್ಲಿ ಮೂರೇ ವಿಧ ಎಂದು ಪಾಠದಲ್ಲಿದೆ. ನಮ್ಮ ಮನೆಯ ಗೋಡೆ, ಬಾವಿಯ ಕಟ್ಟೆ, ತೋಟದ ಅಗಳು ಎಲ್ಲವೂ ಮುರಕಲ್ಲಿನದು. ಅದು ಈ ಮೂರರಲ್ಲಿ ಯಾವುದು?
– ಬದಿಯಡ್ಕದ ಓದುಗರು

ಉತ್ತರ: ನೇರವಾಗಿ ಹೇಳುವುದಾದರೆ, ಮೂರರಲ್ಲಿ ಯಾವುದೂ ಅಲ್ಲ. ಕಾಸರಗೋಡಿನ ಕಡೆಯಿಂದ ಭೂವಿಜ್ಞಾನಕ್ಕೆ ಸೇರಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಹುಟ್ಟಿದಂದಿನಿಂದ ಕಾಲಡಿಯಲ್ಲೇ ಇರುವ ಕಲ್ಲಿಗೆ ಪುಸ್ತಕದ ಶಿಲಾಧ್ಯಾಯದಲ್ಲಿ ಜಾಗವಿಲ್ಲ ಎಂದರೆ ಕಸಿವಿಸಿಯಾಗುವುದು ಸಹಜ.

ಆ ಮೂರು ಹೆಸರುಗಳು ಕಲ್ಲು ಹೇಗೆ ಹುಟ್ಟಿತು ಎಂಬುದನ್ನು ಹೇಳುತ್ತವೆ. ಮುರಕಲ್ಲು, ಅಂದರೆ ಲ್ಯಾಟರೈಟ್, ಮೊದಲೇ ಇದ್ದ ಒಂದು ಕಲ್ಲು ನಿಂತ ನೆಲೆಯಲ್ಲೇ ಕೊಳೆತು, ಕರಗುವುದೆಲ್ಲ ಕರಗಿ ಹೋದ ಮೇಲೆ ಉಳಿದ ಶೇಷ. ಆದ್ದರಿಂದ ಅದನ್ನು ಶಿಥಿಲೀಕರಣದ ಅಧ್ಯಾಯದಲ್ಲಿ ಹುಡುಕಬೇಕು.

ಇದಕ್ಕೆ ಸಾಕ್ಷಿ ಬೇಕಿದ್ದರೆ ಹೊಸದಾಗಿ ಬಾವಿ ತೋಡುತ್ತಿರುವ ಮನೆಗೆ ಹೋಗಿ. ಮೇಲೆ ಒಂದೆರಡು ಮೊಳ ಕೆಂಪು ಮಣ್ಣು, ಅದರಡಿ ಗಟ್ಟಿ ಮುರಕಲ್ಲು. ಇಳಿದಂತೆ ಕಲ್ಲು ಮೆತ್ತಗಾಗುತ್ತದೆ, ಕೆಂಪಿನ ನಡುವೆ ಹಳದಿ, ಬಿಳಿ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ಬರುವುದು ಜಿಗುಟಾದ ಶೇಡಿಮಣ್ಣು. ಕೊನೆಗೆ ಹಾರೆಗೆ ಬಗ್ಗದ ಕರಿಕಲ್ಲು, ನಮ್ಮಲ್ಲಿ ಸಾಮಾನ್ಯವಾಗಿ ನೈಸ್ ಅಥವಾ ಚಾರ್ನೊಕೈಟ್ ಎಂಬ ಗಟ್ಟಿ ಶಿಲೆ. ಕಣ್ಣಿಟ್ಟು ನೋಡಿದರೆ ಕೆಲವೆಡೆ ಬೆಣಚುಕಲ್ಲಿನ ಬೆರಳಗಲದ ಬಿಳಿ ಗೆರೆಯೊಂದು ಕರಿಕಲ್ಲಿನಿಂದ ಹೊರಟು, ಶೇಡಿಯನ್ನು ದಾಟಿ, ಮುರಕಲ್ಲಿನೊಳಕ್ಕೆ ಹತ್ತಿರುವುದು ಸಿಗುತ್ತದೆ. ಅಲ್ಲಲ್ಲಿ ಮುರಿದಿರಬಹುದು, ಆದರೆ ದಾರಿ ತಪ್ಪಿರುವುದಿಲ್ಲ. ಹೊಳೆಯೋ ಕಡಲೋ ಮಣ್ಣನ್ನು ತಂದು ಸುರಿದಿದ್ದರೆ ಆ ಗೆರೆ ಹೀಗೆ ಸಾಗಲು ಸಾಧ್ಯವೇ ಇರಲಿಲ್ಲ. ನನಗೆ ಈ ಬಿಳಿ ಗೆರೆಗಿಂತ ದೊಡ್ಡ ಪುರಾವೆ ಬೇಕೆನಿಸಿಲ್ಲ. ಕೆಳಗಿನ ಕರಿಕಲ್ಲೇ ಮೇಲಿನ ಮುರಕಲ್ಲಿನ ತಾಯಿ.

ಕೊಳೆಸಿದ್ದು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಸ್ವಲ್ಪ ಆಮ್ಲೀಯವಾಗುತ್ತದೆ. ಕರಿಕಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಅದಕ್ಕೆ ಸಿಕ್ಕಿ ಕೆಯೊಲಿನೈಟ್ ಎಂಬ ಜೇಡಿಯಾಗುತ್ತದೆ. ಶೇಡಿ ಬಿಳಿಯಾಗಿರುವುದು ಇದರಿಂದ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನೊಡನೆ ಹೊರಟುಹೋಗುತ್ತವೆ, ಸಿಲಿಕಾ ಕೂಡ ನಿಧಾನವಾಗಿ ಜಾರುತ್ತದೆ. ಜಾಗ ಬಿಡದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಕಲ್ಲಿಗೆ ಗಾಳಿ ಸಿಗದಾದಾಗ ಕಬ್ಬಿಣ ಕರಗಿ ಒಂದಿಷ್ಟು ಸರಿದಾಡುತ್ತದೆ, ಬೇಸಗೆಯಲ್ಲಿ ನೀರು ಇಳಿದು ಗಾಳಿಯಾಡಿದಾಗ ತುಕ್ಕಾಗಿ ಅಲ್ಲೇ ಕೂರುತ್ತದೆ. ಲಕ್ಷಾಂತರ ವರ್ಷ ಇದು ನಡೆದಾಗ ಜೇಡಿಯ ಸುತ್ತ ಕಬ್ಬಿಣದ ಬಲೆ ಹೆಣೆದುಕೊಳ್ಳುತ್ತದೆ. ಆಗ ತಾನೇ ಕಡಿದ ಕಲ್ಲಿನ ಬಿಳಿ ಮಚ್ಚೆಯನ್ನು ಉಗುರಿನಿಂದ ಕೆರೆದು ನೋಡಿ, ಸೀಮೆಸುಣ್ಣದಂತೆ ಉದುರುತ್ತದೆ. ಕೆಂಪು ಭಾಗ ಮಾತ್ರ ಉಗುರಿಗೆ ಜಗ್ಗುವುದಿಲ್ಲ. ಹಳೆಯ ಗೋಡೆಯ ಕಲ್ಲಿನಲ್ಲಿ ತೂತುಗಳಿರುವುದು ಆ ಬಿಳಿ ಜೇಡಿ ತೊಳೆದುಹೋದ ಕಾರಣಕ್ಕೆ. ಅಲ್ಯೂಮಿನಿಯಂ ಪಾಲು ಹೆಚ್ಚಾದಲ್ಲಿ ಅದೇ ವಸ್ತು ಬಾಕ್ಸೈಟ್ ಆಗುತ್ತದೆ. ನೀಲೇಶ್ವರದ ಸುತ್ತ ಅದೂ ಇದೆ.

ಕೋರೆಯಲ್ಲಿ ಮೆತ್ತಗಿದ್ದದ್ದು ಅಂಗಳಕ್ಕೆ ಬಂದು ಗಟ್ಟಿಯಾಗುವುದೇಕೆ ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ನೆಲದಡಿಯ ತೇವದಲ್ಲಿ ಕಬ್ಬಿಣದ ಸಂಯುಕ್ತಗಳು ನೀರನ್ನು ಹಿಡಿದುಕೊಂಡಿರುತ್ತವೆ. ಗಾಳಿ, ಬಿಸಿಲಿಗೆ ನೀರು ಬಿಟ್ಟುಕೊಟ್ಟು ಹರಳುಗಟ್ಟಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಎಷ್ಟು ಮಳೆಯಲ್ಲಿ ನೆನೆದರೂ ಹಿಂದಿನ ಮೆದುತನಕ್ಕೆ ಮರಳುವುದಿಲ್ಲ. ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲ ಕೋಟೆ 1650ರ ಆಸುಪಾಸಿನಿಂದ ಕಡಲಗಾಳಿಗೆ ಎದೆಯೊಡ್ಡಿ ನಿಂತಿರುವುದು ಈ ಕಲ್ಲಿನಿಂದಲೇ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತುವಾಗ ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಗಮನಿಸಿದ್ದೂ ಇದೇ ಗುಣವನ್ನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅವನು ಕಟ್ಟಿದ ಹೆಸರು 1807ರಲ್ಲಿ ಅಚ್ಚಾಯಿತು, ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುತ್ತಾರೆ. ಕನ್ನಡದಲ್ಲಿ ನಾವೂ ಇದನ್ನು ಜಂಬಿಟ್ಟಿಗೆ ಎನ್ನುತ್ತೇವಲ್ಲ, ಆ ಪದದಲ್ಲಿಯೂ ಇಟ್ಟಿಗೆ ಇದೆ.

ಬಾಯಾರು, ಎಣ್ಮಕಜೆಯ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳನ್ನು ನೋಡಿದ್ದರೆ ಈ ಪದರಗಳು ಇನ್ನಷ್ಟು ಅರ್ಥವಾಗುತ್ತವೆ. ಮಳೆನೀರು ತೂತುತೂತಾದ ಮುರಕಲ್ಲಿನಲ್ಲಿ ಸಲೀಸಾಗಿ ಇಳಿಯುತ್ತದೆ, ಶೇಡಿಯ ಮೇಲೆ ಬಂದು ತಡೆದು ನಿಲ್ಲುತ್ತದೆ. ಸುರಂಗ ತೋಡುವವರು ಆ ಒಸರನ್ನು ಅರಸಿ ಒಳಹೋದವರು. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ತೋಟಕ್ಕೆ ಹರಿದು ಬರುವುದು ಆ ನೀರೇ.

ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ 'ಉಷ್ಣವಲಯದ ತೀವ್ರ ರಾಸಾಯನಿಕ ಶಿಥಿಲೀಕರಣದಿಂದ ಉಳಿದ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚಿರುವ ಶೇಷ ನಿಕ್ಷೇಪ' ಎಂದು ಬರೆಯಿರಿ. ಒಂದು ಅಪವಾದವನ್ನೂ ಸೇರಿಸಿ: ಗುಡ್ಡದ ಬುಡದಲ್ಲಿ, ಮೇಲಿನಿಂದ ಉರುಳಿ ಬಂದ ಮುರಕಲ್ಲಿನ ಚೂರುಗಳು ಕಬ್ಬಿಣದ ಅಂಟಿನಿಂದ ಮತ್ತೆ ಕೂಡಿ ಗಟ್ಟಿಯಾಗಿರುತ್ತವೆ. ಬೆಣಚುಕಲ್ಲಿನ ಗೆರೆ ಅದರಲ್ಲಿ ಸಿಗುವುದಿಲ್ಲ, ಉರುಟಾದ ಗುಂಡುಗಳು ಸಿಗುತ್ತವೆ. ಆ ಒಂದು ಬಗೆಯನ್ನು ಕಣಶಿಲೆಯ ಸಾಲಿಗೆ ಸೇರಿಸಿದರೆ ನನ್ನ ತಕರಾರಿಲ್ಲ.